ಮನೋರಂಜಿನಿಯ ಕೊಕ್ಕೆ

ಮನೋರಂಜಿನಿ ಹೂವನ್ನು ಮೂಗಿಗೆ ಹಿಡಿದು ಯಾವ ಹಣ್ಣನ್ನು ನೆನೆಸಿಕೊಂಡರೂ ಅದರ ವಾಸನೆಯೇ ಬರುತ್ತದಂತೆ. ನಮ್ಮಜ್ಜಿಗೆ ಹಲಸಿನ ಹಣ್ಣು, ನನಗೆ ಯಾವಾಗಲೂ ಬಾಳೆಹಣ್ಣು. ಇದನ್ನು ಬರೀ ಕಟ್ಟುಕಥೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬಾಳೆ, ಅನಾನಸು ಘಮ್ಮೆನ್ನುವುದು ಎಸ್ಟರ್ ಎಂಬ ರಾಸಾಯನಿಕಗಳಿಂದ. ಈ ಹೂವಿನಲ್ಲಿರುವುದೂ ಅದೇ ಜಾತಿಯವು. ಮೂಗು ತನಗೆ ಗೊತ್ತಿರುವ ಹಣ್ಣನ್ನು ಹುಡುಕಿಕೊಂಡರೆ ತಪ್ಪೇನು? ಹೂ ಹಸಿರಾಗಿರುವಷ್ಟು ದಿನ ಎಲೆಗಳ ನಡುವೆ ಇದ್ದೂ ಇಲ್ಲದಂತಿರುತ್ತದೆ. ಹಳದಿಗೆ ತಿರುಗಿದ ಮೇಲೆ, ಅದೂ ಸಂಜೆ ಹೊತ್ತಿಗೆ, ಅಂಗಳವೆಲ್ಲ ಪರಿಮಳ.

ಆದರೆ ನನ್ನನ್ನು ಗಿಡದ ಮುಂದೆ ನಿಲ್ಲಿಸುವುದು ಪರಿಮಳವಲ್ಲ, ಹೂ ಹೊತ್ತ ಕಾವು. ಚಪ್ಪಟೆಯಾಗಿ ಬಾಗಿ ಗಾಳದ ಹಾಗೆ ಕೊಕ್ಕೆಯಾಗಿರುತ್ತದೆ. ಪಕ್ಕದ ಕೊಂಬೆ ಸಿಕ್ಕಿತೋ, ತಗುಲಿಕೊಂಡು ಗಟ್ಟಿ ಕಟ್ಟಿಗೆಯಾಗುತ್ತದೆ. ಹೂ ಉದುರಿದರೂ ಹಿಡಿತ ಬಿಡುವುದಿಲ್ಲ. ಆ ಕೊಕ್ಕೆಯಿಂದಲೇ ಹಣ್ಣಿನ ಗೊಂಚಲು ಜೋತುಬೀಳುತ್ತದೆ. ಇದು ಸೀತಾಫಲದ ಕುಟುಂಬದ್ದು. ಸೀತಾಫಲದಲ್ಲಿ ಒಂದು ಹೂವಿನ ಅಂಡಕೋಶಗಳೆಲ್ಲ ಬೆಸೆದು ಒಂದೇ ಹಣ್ಣಾದರೆ, ಇಲ್ಲಿ ಒಂದೊಂದೂ ಬೇರೆಬೇರೆ ತಿರುಳುಹಣ್ಣಾಗುತ್ತದೆ. ಒಂದೇ ಹೂವಿಗೆ ಇಡೀ ಗೊಂಚಲು!

ಇದರ ಸೋದರಿ ಆರ್ಟಾಬಾಟ್ರಿಸ್ ಜೈಲಾನಿಕಸ್ ನಮ್ಮ ಪಶ್ಚಿಮ ಘಟ್ಟದಲ್ಲೂ ಶ್ರೀಲಂಕಾದಲ್ಲೂ ಕಾಡುಮರಗಳಿಗೆ ಹಬ್ಬಿಕೊಂಡಿದೆ. ಅತ್ತ ಚೀನಾದಲ್ಲಿ ಮನೋರಂಜಿನಿಯ ಬೇರು ಮಲೇರಿಯಾ ಜ್ವರಕ್ಕೆ ನಾಟಿ ಔಷಧಿ. ಆ ಬೇರಿನಿಂದ ಮಲೇರಿಯಾಕ್ಕೆ ಎದುರಾಗಿ ನಿಲ್ಲುವ ಇಂಗ್‌ಜಾವ್‌ಸು ಎಂಬ ವಸ್ತುವನ್ನು ಅಲ್ಲಿನ ವಿಜ್ಞಾನಿಗಳು 1979ರಲ್ಲಿ ಬೇರ್ಪಡಿಸಿದರು. ನಮ್ಮಲ್ಲಿ ಮುಡಿಯುವ ಹೂವಾಗಿ ಉಳಿದದ್ದು ಅಲ್ಲಿ ಪ್ರಯೋಗಾಲಯದ ಮೆಟ್ಟಿಲು ಹತ್ತಿತು.

ಸೈಟು ಚಿಕ್ಕದು ಅಂತ ವರ್ಷಾವರ್ಷ ಕತ್ತರಿ ಹಾಕಿ ಇದನ್ನು ಗುಂಡು ಪೊದೆ ಮಾಡಿಟ್ಟಿರುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಹತ್ತಲೆಂದೇ ಕೊಕ್ಕೆ ಬೆಳೆಸಿಕೊಂಡ ಗಿಡಕ್ಕೆ ಹತ್ತಲು ಏನೂ ಇಲ್ಲ! ನೆಡುವುದಾದರೆ ಮಾವಿನ ಮರದ ಬುಡದಲ್ಲೋ ಗಟ್ಟಿ ಚಪ್ಪರದ ಕಂಬದ ಪಕ್ಕದಲ್ಲೋ ನೆಡಿ. ಎಲೆ ತಿನ್ನುವ ಹಸಿರು ಹುಳು ಕಂಡರೆ ಔಷಧಿ ಹೊಡೆಯಲು ಓಡಬೇಡಿ. ಕಪ್ಪು ರೆಕ್ಕೆಯ ಮೇಲೆ ಹಸಿರು ಚುಕ್ಕೆಯಿರುವ ಟೈಲ್ಡ್ ಜೇ ಚಿಟ್ಟೆಯ ಮರಿ ಅದಾಗಿರಬಹುದು. ನಾಲ್ಕು ಎಲೆ ಹೋದರೆ ಮನೋರಂಜಿನಿ ಸಾಯುವುದಿಲ್ಲ.