ಪಾಯವಿಲ್ಲದ ಮನೆ

ಕಳೆದ ಬೇಸಿಗೆ ರಜೆಯಲ್ಲಿ ಹನ್ನೊಂದು ವರ್ಷದ ನನ್ನ ಮಗ ನಾಲ್ಕು ಮನೆಗಳನ್ನು ಕಟ್ಟಿದ. ಕಟ್ಟಿದ್ದು ಮೊಬೈಲಿನ ಪರದೆಯ ಮೇಲೆ. ಆಟದ ಹೆಸರು ಮೈನ್‌ಕ್ರಾಫ್ಟ್. ಸ್ವೀಡನ್ನಿನ ಮೊಜಾಂಗ್ ಸಂಸ್ಥೆ 2011ರಲ್ಲಿ ಪೂರ್ಣರೂಪದಲ್ಲಿ ಹೊರತಂದ ಈ ಆಟದಲ್ಲಿ ಬೆಟ್ಟ, ಕಾಡು, ಮರಳುಗಾಡು ಎಲ್ಲವೂ ಪೆಟ್ಟಿಗೆಯಾಕಾರದ ತುಂಡುಗಳಿಂದಾದವು. ಅವುಗಳನ್ನು ಅಗೆದು ತಂದು, ಒಂದರ ಮೇಲೊಂದಿಟ್ಟು ಬೇಕಾದದ್ದನ್ನು ಕಟ್ಟಬಹುದು. ಅಲ್ಲಿಯೂ ಹಗಲು ರಾತ್ರಿಗಳಿವೆ. ಮಳೆ, ಗುಡುಗು, ಹಿಮಗಳೂ ಇವೆ.

ಮಗ ತನ್ನ ನಾಲ್ಕು ಮನೆಗಳಿಗೆ ಇಟ್ಟ ಹೆಸರುಗಳು ಜಗಳೂರು, ಹೊನ್ನಾಳಿ, ಚನ್ನಗಿರಿ ಮತ್ತು ನ್ಯಾಮತಿ. ಅವನ ಪಾಲಿಗೆ ಜಗತ್ತೆಂದರೆ ಇಷ್ಟೇ. ನಮ್ಮ ವಾಸ ಹೊನ್ನಾಳಿಯಲ್ಲಿ. ಪತ್ನಿಯ ತವರು ಚನ್ನಗಿರಿ. ಗಾರೆ ಕೆಲಸ ಮಾಡುತ್ತಿದ್ದ ನನ್ನ ತಂದೆಯ ಮೂಲ ಜಗಳೂರು ಸೀಮೆ. ಅವರು ತೀರಿಕೊಂಡ ಮೇಲೆ ಅವ್ವ ನ್ಯಾಮತಿಯ ಹಳೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ.

ಜಗಳೂರಿನ ಮನೆಯನ್ನು ಮಗ ಮಳೆಯೇ ಬಾರದ ಮರಳುಗಾಡಿನಲ್ಲಿ ಕಟ್ಟಿದ. ಛಾವಣಿಗೆ ಮರಳು ಹರಡಹೋದಾಗ ಅದೆಲ್ಲ ಕುಸಿದು ತಲೆಯ ಮೇಲೆ ಬಿತ್ತು. ಕೆಳಗೆ ಆಧಾರವಿಲ್ಲದಿದ್ದರೆ ಮರಳು ಮತ್ತು ಜಲ್ಲಿ ಬೀಳುವುದು ಆ ಆಟದ ನಿಯಮ. ರಜೆಗೆಂದು ನಮ್ಮಲ್ಲಿಗೆ ಬಂದಿದ್ದ ಅವ್ವ ಪಕ್ಕದಲ್ಲಿ ಕುಳಿತು ನಕ್ಕಳು. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ನೀರಿಳಿಯದಂತೆ ಕರ್ಲು ಮಣ್ಣು ಹೊದಿಸಿ ಮಾಳಿಗೆ ಮಾಡುತ್ತಿದ್ದ ಬಗೆಯನ್ನು ಮೊಮ್ಮಗನಿಗೆ ವಿವರಿಸಿದಳು. ಅವನು ಮೊದಲು ಹಲಗೆಗಳನ್ನು ಜೋಡಿಸಿ, ಅವುಗಳ ಮೇಲೆ ಮರಳು ಹರಡಿದ. ಈ ಸಲ ಛಾವಣಿ ನಿಂತಿತು.

ಹೊನ್ನಾಳಿಯ ಮನೆ ನದಿಯ ದಂಡೆಗೆ ಅಂಟಿಕೊಂಡೇ ಎದ್ದಿತು. "ನೀರು ಏರಿದರೆ ಏನು ಮಾಡುತ್ತೀ?" ಎಂದು ಕೇಳಿದೆ. "ಇಲ್ಲಿ ಎಷ್ಟು ಮಳೆ ಬಂದರೂ ಹೊಳೆ ಏರುವುದಿಲ್ಲ ಅಪ್ಪಾ" ಎಂದ. ಆ ಮಾತು ನನ್ನನ್ನು 2019ರ ಆಗಸ್ಟಿಗೆ ಕೊಂಡೊಯ್ದಿತು. ತುಂಗಾ ಮತ್ತು ಭದ್ರಾ ನದಿಗಳು ಕೂಡ್ಲಿಯಲ್ಲಿ ಸೇರಿ ನಮ್ಮೂರಿಗೆ ಬರುತ್ತವೆ. ನಮ್ಮಲ್ಲಿ ಹನಿ ಬೀಳದಿದ್ದರೂ ಮಲೆನಾಡಿನಲ್ಲಿ ಸುರಿದ ಮಳೆ ಇಲ್ಲಿನ ತಗ್ಗಿನ ಬೀದಿಗಳಿಗೆ ನುಗ್ಗುತ್ತದೆ. ಆ ವರ್ಷದ ನೆರೆಯಲ್ಲಿ ಪಾತ್ರೆ ಪಗಡಗಳನ್ನು ತಲೆಯ ಮೇಲೆ ಹೊತ್ತು ಹೊರಬಂದವರನ್ನು ಕಂಡಿದ್ದ ನನಗೆ ಏರದ ಹೊಳೆ ವಿಚಿತ್ರವೆನಿಸಿತು.

ಚನ್ನಗಿರಿಯದು ಮರದ ಮನೆ. ಎದುರಿಗೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ಪುಟ್ಟ ಸೂಳೆಕೆರೆಯನ್ನೂ ಮಾಡಿದ್ದ. ಶತಮಾನಗಳ ಮಳೆಗಾಲಗಳನ್ನು ಕಂಡು ಇಂದಿಗೂ ನಿಂತಿರುವ ಆ ಏರಿಯನ್ನು ಅಜ್ಜನ ಮನೆಗೆ ಹೋದಾಗಲೆಲ್ಲ ಅವನು ನೋಡಿದ್ದಾನೆ. ಆದರೆ ಆಟದಲ್ಲಿ ಒಂದು ಸಂಜೆ ಗುಡುಗು ಮಳೆ ಬಂದು, ಸಿಡಿಲು ಬಡಿದು, ಮರದ ಮನೆ ಹೊತ್ತಿಕೊಂಡಿತು. ಬಾಲಕ ಅತ್ತೇಬಿಟ್ಟ. ಮರುದಿನ ತಾಮ್ರದ ಮೂರು ಗಟ್ಟಿಗಳಿಂದ ಒಂದು ಸಿಡಿಲುಕಂಬಿ ಮಾಡಿ ಹೊಸ ಛಾವಣಿಯ ಮೇಲೆ ನೆಟ್ಟ. ಆಟಕ್ಕೆ ಈ ಕಂಬಿ ಬಂದದ್ದು 2021ರಲ್ಲಂತೆ.

ಆ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಗೋಪುರದ ಕಂಬಿಯನ್ನು ಅವನಿಗೆ ತೋರಿಸಿದೆ. ಅದರಿಂದ ಗೋಡೆಯಗುಂಟ ಇಳಿದು ಮಣ್ಣಿನೊಳಗೆ ಸೇರಿದ ಲೋಹದ ಪಟ್ಟಿಯನ್ನೂ ತೋರಿಸಿದೆ. "ನನ್ನದಕ್ಕೆ ಈ ಪಟ್ಟಿ ಇಲ್ಲವಲ್ಲ" ಎಂದ. ಆಟದಲ್ಲಿ ಅದು ಬೇಕಿಲ್ಲ. ಇಲ್ಲಿ ಮಾತ್ರ, ನೆಲದ ನಂಟಿಲ್ಲದ ಕಂಬಿ ಯಾರನ್ನೂ ಕಾಯಲಾರದು.

ಕೊನೆಯ ಮನೆ ನ್ಯಾಮತಿಯದು. ಅದನ್ನು ಕಟ್ಟಿ ಮುಗಿಸಿದ ಮೇಲೆ ಅದರ ಅಡಿಯ ಮಣ್ಣನ್ನೆಲ್ಲ ಮಗ ಬೇರೆ ಕೆಲಸಕ್ಕೆ ಅಗೆದುಕೊಂಡಿದ್ದ. ಮರಳು ಬೀಳುವ ಆ ಲೋಕದಲ್ಲಿ ಗೋಡೆ ಬೀಳುವುದಿಲ್ಲ. ಮನೆ ಗಾಳಿಯಲ್ಲಿ ತೇಲುತ್ತಿತ್ತು. ಕನ್ನಡಕ ಸರಿಪಡಿಸಿಕೊಂಡು ನೋಡಿದ ಅವ್ವ, "ಪಾಯ ಎಲ್ಲಿ ಮಗಾ?" ಎಂದಳು. ನಾವೆಲ್ಲ ನಕ್ಕೆವು.

ಜುಲೈನಲ್ಲಿ ಜಡಿಮಳೆ ಹಿಡಿಯಿತು. ಒಂದು ಬೆಳಗಿನ ಜಾವ ನ್ಯಾಮತಿಯ ನೆರೆಮನೆಯವರಿಂದ ದೂರವಾಣಿ ಕರೆ ಬಂತು: "ನಿಮ್ಮ ಮನೆಯ ಹಿಂದಿನ ಗೋಡೆ ಬಿದ್ದಿದೆ. ಗಾಬರಿಯಾಗಬೇಡಿ, ಅವ್ವ ಚೆನ್ನಾಗಿದ್ದಾರೆ." ಮಗನನ್ನೂ ಕರೆದುಕೊಂಡು ಮೊದಲ ಬಸ್ಸಿಗೆ ಹೊರಟೆ. ಹಿಂದಿನ ಕೋಣೆಯಲ್ಲಿ ಅವ್ವ ಸದಾ ಮಂಚ ಹಾಕಿಕೊಳ್ಳುತ್ತಿದ್ದ ಜಾಗದಲ್ಲಿ ಒದ್ದೆ ಮಣ್ಣಿನ ರಾಶಿ ಬಿದ್ದಿತ್ತು. ಅಲ್ಲಿ ಸೋರುತ್ತಿದ್ದುದರಿಂದ ಹತ್ತು ದಿನಗಳ ಹಿಂದೆಯೇ ಅವಳು ನಡುಮನೆಗೆ ಬಂದು ಮಲಗುತ್ತಿದ್ದಳಂತೆ. "ನನಗೇಕೆ ಹೇಳಲಿಲ್ಲ?" ಎಂದೆ. "ನಿನಗೆ ಶಾಲೆ ಕೆಲಸ ಇರ್ತದಲ್ಲಪ್ಪಾ" ಎಂದಳು.

ಮಣ್ಣಿನ ಗೋಡೆ ಒಂದೇ ರಾತ್ರಿಯ ಮಳೆಗೆ ಬೀಳುವುದಿಲ್ಲ. ಸರಿದ ಹೆಂಚಿನ ಸಂದಿಯಿಂದ ನೀರು ಗೋಡೆಯ ನೆತ್ತಿಗೆ ಇಳಿಯುತ್ತದೆ. ಹಿತ್ತಿಲ ಕಾಲುವೆ ಕಟ್ಟಿಕೊಂಡರೆ ಬುಡದಲ್ಲಿ ನಿಲ್ಲುತ್ತದೆ. ಮೇಲೂ ಕೆಳಗೂ ನೆನೆದ ಮಣ್ಣು ತನ್ನ ಭಾರವನ್ನೇ ತಾಳಲಾರದೆ ಕುಸಿಯುತ್ತದೆ. ಅಪ್ಪ ಇದ್ದಾಗ ಪ್ರತಿವರ್ಷ ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸಿ, ಕಾಲುವೆ ಬಿಡಿಸುತ್ತಿದ್ದರು. ಅವರ ನಂತರ ಆ ಕೆಲಸ ನನ್ನದು. ಎರಡು ಬೇಸಿಗೆಗಳು ನಾನು ಮಾಡಿರಲಿಲ್ಲ. ಬಸ್ಸಿನಲ್ಲಿ ಒಂದು ಗಂಟೆಯೂ ಬೇಡದ ದಾರಿ ನನಗೆ ದೂರವಾಗಿತ್ತು.

"ಆಟದಲ್ಲಿ ಮಳೆಗೆ ಗೋಡೆ ಬೀಳುವುದೇ ಇಲ್ಲ. ಅಜ್ಜಿಯ ಗೋಡೆ ಏಕೆ ಬಿತ್ತು?" ಎಂದು ಮಗ ಕೇಳಿದ. ಮಳೆ ಜೋರಾಗಿತ್ತು ಎಂದು ಹೇಳಬಹುದಿತ್ತು. "ನಾನು ನೋಡಿಕೊಳ್ಳಲಿಲ್ಲ, ಅದಕ್ಕೆ" ಎಂದೆ. ಅವನು ನನ್ನ ಮುಖವನ್ನೇ ನೋಡಿದ, ಮತ್ತೇನೂ ಕೇಳಲಿಲ್ಲ.

ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮತಿಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಸಂತ ಲೂಕರ ಶುಭಸಂದೇಶದಲ್ಲಿ ಆ ಮನುಷ್ಯ ಬಂಡೆ ಸಿಗುವವರೆಗೂ ಆಳವಾಗಿ ಅಗೆಯುತ್ತಾನೆ. ಆ ಅಗೆತದ ಶ್ರಮವನ್ನು ನಾನು ಅಷ್ಟಾಗಿ ಗಮನಿಸಿರಲೇ ಇಲ್ಲ. ಮನೆ ಕಟ್ಟಿ ಮುಗಿದ ಮೇಲೆ ಪಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ವರ್ಷಕ್ಕೊಮ್ಮೆ ಮಾಡು ಹತ್ತಿ ಒಡೆದ ಹೆಂಚು ಬದಲಿಸಿದವನ ದುಡಿಮೆಯೂ ಹಾಗೆಯೇ. ಹೆತ್ತವರ ಆರೈಕೆಯೂ ಅಂಥದೇ ಕೆಲಸ. ಒಮ್ಮೆ ಮಾಡಿ ಮುಗಿಸುವಂಥದಲ್ಲ.

ಮಳೆ ಬಿಡುವವರೆಗೆ ಅವ್ವ ನಮ್ಮೊಡನೆ ಇದ್ದಳು. ಆಮೇಲೆ ಸೈಜುಗಲ್ಲಿನ ಪಾಯ ಹಾಕಿಸಿ ಆ ಗೋಡೆಯನ್ನು ಮತ್ತೆ ಎಬ್ಬಿಸಿದೆವು. ಮಗ ದಸರಾ ರಜೆಯಲ್ಲಿ ಚಿಕ್ಕ ಕಲ್ಲುಗಳನ್ನು ಹೊತ್ತು ಮೇಸ್ತ್ರಿಗೆ ಕೊಟ್ಟ. ಅವ್ವನ ಮಂಚ ಮತ್ತೆ ಹಿಂದಿನ ಕೋಣೆಗೆ ಹೋಗಿದೆ.

ಮೊನ್ನೆ ಅವನ ಮೊಬೈಲಿನತ್ತ ಇಣುಕಿದೆ. ತೇಲುತ್ತಿದ್ದ ನ್ಯಾಮತಿಯ ಮನೆಯ ಅಡಿಗೆ ಸಾಲುಸಾಲಾಗಿ ಕಲ್ಲು ತುಂಬುತ್ತಿದ್ದ. "ಆಟದಲ್ಲಿ ಅದು ಬೇಕಿಲ್ಲವಲ್ಲ?" ಎಂದೆ. "ಅಜ್ಜಿ ಮತ್ತೆ ಬಂದಾಗ ಕೇಳುತ್ತಾರೆ" ಎಂದು ತಲೆಯೆತ್ತದೆ ಹೇಳಿದ.