ಕಟ್ಟಿನಂಗಡಿಯ ಪುಸ್ತಕ

ಫೋಟೋಗೆ ಕಟ್ಟು ಹಾಕೋದು ಬರೀ ಕೈಕೆಲಸ ಅಂತ ಜನ ತಿಳಿದಿದ್ದಾರೆ. ಅರ್ಧ ನಿಜ. ಇನ್ನರ್ಧ ಬರವಣಿಗೆ. ಅಣ್ಣತಮ್ಮಂದಿರು ನಾವು ಬಸ್‌ಸ್ಟ್ಯಾಂಡಿನ ಹಿಂದೆ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇವೆ. ಗಾಜು ಕುಯ್ಯೋ ಕಟ್ಟರಿಗಿಂತ ಜೋಪಾನವಾಗಿ ಕಾಯೋದು ಆರ್ಡರ್ ಪುಸ್ತಕವನ್ನ.

ನಾವು ಕೆಲಸ ಕಲಿತದ್ದು 1990ರ ದಶಕದ ಕೊನೆಯಲ್ಲಿ, ಬೇರೊಬ್ಬರ ಅಂಗಡಿಯಲ್ಲಿ. ಅಲ್ಲಿ ಪುಸ್ತಕ ಇರಲಿಲ್ಲ ಅಂತಲ್ಲ. ಪೇಟೆ ಸಾಹುಕಾರರ ಹೆಸರು ಇನಿಷಿಯಲ್ ಸಮೇತ ಅದರೊಳಗೆ ಹೋಗೋದು. ನಮ್ಮವರದ್ದು ಸಿಗರೇಟು ಪ್ಯಾಕಿನ ಹಿಂದೆ ಗೀಚಿದ ಚೀಟಿ: ‘ಕೇರಿ ಮುದುಕಿ, 8–10, ಕರಿ ಕಟ್ಟು’. ಆ ಅವ್ವನಿಗೆ ಸತ್ತ ಮಗನದ್ದು ಅಂತ ಇದ್ದದ್ದು ಅದೊಂದೇ ಫೋಟೋ. ಅಡ್ವಾನ್ಸು ಕೊಟ್ಟಿದ್ದಳು, ಕೈಯಲ್ಲಿ ಕಾಗದವಿಲ್ಲ. ಚೀಟಿ ಹೋಯಿತು, ಫೋಟೋನೂ ಹೋಯಿತು. “ನೀನು ಕೊಟ್ಟೇ ಇಲ್ಲ, ಹೋಗು” ಅಂದ ಯಜಮಾನ. ಪ್ರತಿ ಸಂತೆದಿನ ಬಂದು ಜಗಲಿ ಕೆಳಗೆ ಕೂತು ಹೋಗೋಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಮ್ಮದು ಡ್ಯುಪ್ಲಿಕೇಟ್ ಬುಕ್ಕು. ನಡುವೆ ಕಾರ್ಬನ್ನು, ಪುಟಕ್ಕೊಂದು ನಂಬರು. ಮೊದಲು ಹೆಸರು, ಅವರು ಹೇಳಿದ ಹಾಗೆ, ಪೂರ್ತಿ. ಕೆಂಪಮ್ಮ ಅಂದರೆ ಕೆಂಪಮ್ಮ, ‘ಕೆಂಪಿ’ ಅಲ್ಲ. “ಏನೋ ಒಂದು ಬರಕೊಳ್ಳಪ್ಪ” ಅನ್ನೋರೂ ಉಂಟು. “ನಿಮ್ಮ ಹೆಸರೇ ಹೇಳಿ ಅವ್ವಾ” ಅಂತೇವೆ. ಆಮೇಲೆ ಊರು, ಫೋನು, ತಂದ ದಿನ, ಕೊಡೋ ದಿನ, ಮುಂಗಡ, ಬಾಕಿ.

ಅಳತೆಯಲ್ಲಿ ಮೊದಲು ಅಗಲ, ಆಮೇಲೆ ಎತ್ತರ. ಅದಲುಬದಲಾದರೆ ನಿಂತವರು ಮಲಗುತ್ತಾರೆ. ಅಳತೆ ಚಿತ್ರದ್ದೋ ಕಟ್ಟಿನ ಹೊರಗಡೇದೋ ಅಂತಲೂ ಬರೀಬೇಕು. 12ಕ್ಕೆ 16 ಇಂಚಿನ ಚಿತ್ರದ ಸುತ್ತಳತೆ 56 ಇಂಚು. ಆದರೆ ಒಂದಿಂಚು ಅಗಲದ ಬೀಡಿಂಗ್ ಪಟ್ಟಿ ಹಾಕಿದರೆ 64 ಇಂಚು ಬೇಕು. ಮೂಲೆಗಳನ್ನು 45 ಡಿಗ್ರಿಗೆ ಓರೆಯಾಗಿ ಕುಯ್ಯೋದರಿಂದ ಮೂಲೆಗೆರಡು ಇಂಚು ಹೆಚ್ಚು ತಿನ್ನುತ್ತೆ. ಪಟ್ಟಿಯ ಬೆಲೆ ಅಡಿ ಲೆಕ್ಕ. ಇದನ್ನೆಲ್ಲ ಗಿರಾಕಿ ಎದುರಿಗೇ ಬರೆದು ಕೂಡಿಸುತ್ತೇವೆ. ಬರೀ ಬಾಯಲ್ಲಿ ಹೇಳಿದ ಲೆಕ್ಕಕ್ಕೆ ನಮ್ಮ ಜನ ಎಷ್ಟು ಸಲ ಮೋಸ ಹೋಗಿಲ್ಲ!

ತಂದ ಫೋಟೋ ಹೇಗಿತ್ತು ಅಂತಲೂ ಬರೀತೇವೆ: ಎಡಮೂಲೆ ಹರಿದಿದೆ, ಕೆನ್ನೆ ಮೇಲೆ ಕಲೆ, ಹಳೇ ಗಾಜಿಗೆ ಅಂಟಿದೆ. ಅಂಟಿದ್ದನ್ನು ಎಳೆದರೆ ಮುಖವೇ ಕಿತ್ತು ಬರುತ್ತೆ. ಅದಕ್ಕೆ ಮುಟ್ಟೋ ಮೊದಲು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ಮನೆಯವರಿಗೂ ಕಳಿಸಿಬಿಡುತ್ತೇವೆ. ಫೋಟೋ ಹಿಂದೆ ಪೆನ್ನಿನಲ್ಲಿ ನಂಬರು ಬರೆಯೋ ಚಾಳಿ ಕೆಲವರಿಗಿದೆ. ಒತ್ತಿ ಬರೆದ ಗೆರೆ ಮುಂದೆ ಮುಖದ ಮೇಲೆ ಉಬ್ಬಿ ಕಾಣುತ್ತೆ. ನಾವು ಫೋಟೋನ ಕವರಿಗೆ ಹಾಕಿ ಕವರಿನ ಮೇಲೆ ಬರೀತೇವೆ.

ಓದು ಬಾರದವರಿಗೆ ಬರೆದದ್ದನ್ನೆಲ್ಲ ಓದಿ ಹೇಳಿದ ಮೇಲೇ ಹೆಬ್ಬೆಟ್ಟು. ಚೀಟಿ ಜೊತೆಗೆ, ಅವರು ಆರಿಸಿದ ಪಟ್ಟಿಯಿಂದ ಎರಡಿಂಚು ತುಂಡು ಕುಯ್ದು ನಂಬರು ಬರೆದು ಕೈಗೆ ಕೊಡುತ್ತೇವೆ. ಕಟ್ಟು ಒಯ್ಯೋ ದಿನ ಪಕ್ಕಕ್ಕೆ ಹಿಡಿದು ನೋಡುತ್ತಾರೆ. ಒಬ್ಬ ಅವ್ವ, “ಇದು ನಂದಲ್ಲ ಕಣ್ರಪ್ಪ, ನಂದು ಇನ್ನೂ ಕೆಂಪಗಿತ್ತು” ಅಂತ ವಾಪಸು ತಳ್ಳಿದಳು. ಕಂಪನಿಯಿಂದ ಬಂದ ಹೊಸ ಲಾಟಿನ ಬಣ್ಣ ಚೂರು ಬೇರೆ ಇತ್ತು. ಬಿಚ್ಚಿ ಬೇರೆ ಹಾಕಿದೆವು. ನಷ್ಟವೇ. ಆದರೂ ಅಂಗಡಿ ಮೆಟ್ಟಿಲು ಹತ್ತೋಕೆ ಹೆದರುತ್ತಿದ್ದವರು ಸರಕು ವಾಪಸು ತಳ್ಳೋದನ್ನು ನಾವೆಲ್ಲಿ ಕಂಡಿದ್ದೆವು?

ಏಪ್ರಿಲ್ 14 ಹತ್ತಿರ ಬಂದಾಗ ಬಾಬಾಸಾಹೇಬರ ಚಿತ್ರ ಹೊತ್ತುಕೊಂಡು ಹುಡುಗರು ಗುಂಪಾಗಿ ಬರುತ್ತಾರೆ. “ಅಣ್ಣಾ, ನಮಗೂ ಚೀಟಿಯಾ?” ಅಂತ ನಗುತ್ತಾರೆ. ಹೂಂ, ನಿಮಗೂ. ಯಾರ ಹೆಸರಿಗೆ ಬರೀಲಿ ಅಂದರೆ ಅಲ್ಲೇ ಜಗಳ ಶುರು. ಹೋದ ಸಲ ಒಂದೇ ಚಿತ್ರಕ್ಕೆ ಏಳು ಹೆಸರು ಬರೆದೆವು.