ಗಾಲಿ ಒರೆಸುವ ಕಾಯಕ

ವಿದ್ವತ್ಪೂರ್ಣ ಲೇಖನಗಳ ನಡುವೆ ಮೋಟಾರು ಸೈಕಲ್ಲಿನ ಗಾಲಿಯನ್ನು ತೊಳೆದು ಒರೆಸುವ ವಿಚಾರಕ್ಕೆ ಎಡೆಯುಂಟೆ ಎಂದು ಕೆಲವರು ಹುಬ್ಬೇರಿಸಬಹುದು. ಮಡಿವಾಳ ಮಾಚಿದೇವರು ಬಟ್ಟೆ ಒಗೆದರು. ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಅಂತಹವರನ್ನು ಶರಣರೆಂದು ನೆನೆಯುವ ಪರಂಪರೆಯ ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ಗಾಲಿಗೂ ಒಂದೆರಡು ಪುಟ ಸಂದರೆ ಅನುಚಿತವಾಗಲಾರದೆಂದು ನಂಬಿದ್ದೇನೆ.

ನನ್ನ ವಾಹನ ಯೆಜ್ಡಿ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಜಾವಾ ಗಾಡಿಗಳ ತಯಾರಿಕೆಯನ್ನು ಆರಂಭಿಸಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಳಕೆಗೆ ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಆ ಗಾಡಿಯ ಮೂಲ ಬಿಡಿಭಾಗಗಳಿಗಾಗಿ ಹಳೆಯ ಸಾಮಾನಿನ ಅಂಗಡಿಗಳನ್ನು ಅಲೆಯಬೇಕಾದುದರಿಂದ, ಇದ್ದ ರಿಮ್ಮನ್ನು ಉಳಿಸಿಕೊಳ್ಳುವುದು ಶೋಕಿಯಲ್ಲ, ಅನಿವಾರ್ಯ.

ಉಕ್ಕಿನ ರಿಮ್ಮಿನ ಮೇಲೆ ನಾವು ಕಾಣುವ ಬೆಳ್ಳನೆಯ ಹೊಳಪು ಕ್ರೋಮಿಯಮ್ ಲೇಪನದ್ದು. ಅದು ಒಂದು ಮಿಲಿಮೀಟರಿನ ಸಾವಿರದ ಒಂದಂಶಕ್ಕಿಂತಲೂ ತೆಳುವಾದುದು. ಉಕ್ಕನ್ನು ನಿಜವಾಗಿ ಕಾಯುವುದು ಅದರ ಕೆಳಗಿನ, ಕಣ್ಣಿಗೆ ಕಾಣದ ನಿಕ್ಕಲ್ ಪದರ. ಕ್ರೋಮಿಯಮ್ಮಿನ ಸೂಕ್ಷ್ಮ ಬಿರುಕುಗಳಲ್ಲಿ ತೇವ ಇಳಿದು, ನಿಕ್ಕಲ್ಲಿನ ಪದರವೂ ತೂತಾದೆಡೆ ತುಕ್ಕು ಚುಕ್ಕಿಚುಕ್ಕಿಯಾಗಿ ಮೇಲೇಳುತ್ತದೆ. ಇದನ್ನರಿಯದವರು ಮರಳುಕಾಗದ ಹಿಡಿದು ಉಜ್ಜುತ್ತಾರೆ. ಆ ದಿನ ತುಕ್ಕು ಹೋಗುತ್ತದೆ, ಅದರೊಂದಿಗೆ ಲೇಪನವೂ ಹೋಗುತ್ತದೆ; ಮುಂದಿನ ಮಳೆಗಾಲಕ್ಕೆ ರಿಮ್ಮು ಕೆಂಪಾಗಿ ನಿಲ್ಲುತ್ತದೆ. ಅಲ್ಯೂಮಿನಿಯಮ್ ಹಾಳೆಯ ತುಣುಕನ್ನು ಮುದ್ದೆ ಮಾಡಿ ನೀರಿನಲ್ಲಿ ಅದ್ದಿ ಮೃದುವಾಗಿ ತಿಕ್ಕಿದರೆ ಸಾಕು. ಅಲ್ಯೂಮಿನಿಯಮ್ ಕ್ರೋಮಿಯಮ್ಮಿಗಿಂತ ಮೆದು. ತುಕ್ಕು ಬಿಡುತ್ತದೆ, ಗೀರು ಬೀಳುವುದಿಲ್ಲ.

ನಡುವಿನ ಹಬ್ಬು ಅಲ್ಯೂಮಿನಿಯಮ್ಮಿನದು. ಅದಕ್ಕೆ ಬಟ್ಟೆಸೋಡ ತಾಗಿಸಬಾರದು. ಕ್ಷಾರವು ಆ ಲೋಹವನ್ನೇ ತಿನ್ನುತ್ತದೆ. ಮೊದಲು ಬರಿಯ ನೀರು ಹರಿಸಿ ಮರಳಿನ ಕಣಗಳನ್ನು ಇಳಿಸಬೇಕು, ಅನಂತರ ಸೌಮ್ಯವಾದ ಸಾಬೂನು, ಒಣಗಿದ ಮೇಲೆ ಲೋಹದ ಪಾಲಿಷು. ಹಿಂದಿನ ಗಾಲಿಗೆ ಸರಪಣಿಯ ಎಣ್ಣೆ ಸಿಡಿದು ಮಸಿ ಕಟ್ಟಿರುವುದರಿಂದ ತುಸು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸಬೇಕಾಗುತ್ತದೆ. ಬ್ರೇಕಿನ ಕಡೆಗೆ ಮಾತ್ರ ಎಣ್ಣೆಯ ಹನಿಯೂ ಸುಳಿಯಕೂಡದು. ಇಂದಿನ ಮಿಶ್ರಲೋಹದ ಗಾಲಿಗಳ ಧರ್ಮ ಬೇರೆ. ಅವುಗಳಿಗೆ ಸಾಮಾನ್ಯವಾಗಿ ಬಣ್ಣವನ್ನೋ ಮೆರುಗೆಣ್ಣೆಯನ್ನೋ ಬಳಿದಿರುತ್ತಾರಾದ್ದರಿಂದ ಲೋಹದ ಪಾಲಿಷನ್ನು ಹಚ್ಚಿದರೆ ಆ ಮೆರುಗೇ ಸವೆದೀತು.

ಪ್ರತಿ ಗಾಲಿಗೆ 36 ಕಡ್ಡಿಗಳು. ಒಂದೊಂದನ್ನೂ ಬುಡದಿಂದ ತುದಿಯವರೆಗೆ ಬೆರಳಿನಿಂದ ಹಿಡಿದು ಒರೆಸುವುದು ಬೇಸರದ ಕೆಲಸವೆಂದು ಒಪ್ಪುತ್ತೇನೆ. ಆದರೆ ಸಡಿಲವಾದ ಕಡ್ಡಿ ಗೊತ್ತಾಗುವುದು ಆ ಬೇಸರದಲ್ಲಿಯೇ. ಸ್ಕ್ರೂಡ್ರೈವರಿನ ತುದಿಯಿಂದ ತಟ್ಟಿದರೆ ಬಿಗಿಯಾದ ಕಡ್ಡಿ ತಂಬೂರಿಯ ತಂತಿಯಂತೆ ನಾದಗೊಡುತ್ತದೆ. ಸಡಿಲವಾದುದು ಮಂಕಾಗಿ ನುಡಿಯುತ್ತದೆ. ಒಂದು ಮುರಿದರೆ ಅದರ ಭಾರವನ್ನು ನೆರೆಯವು ಹೊರಬೇಕು; ಬಳಿಕ ಅವೂ ಒಂದೊಂದಾಗಿ ಮುರಿಯುತ್ತವೆ. ಹೆಂಡತಿ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಜಾತ್ರೆಗೆ ಹೊರಡುವ ಗೃಹಸ್ಥನು ಇದನ್ನು ತಿಳಿದಿರುವುದು ಒಳಿತು.

ಈ ಲೇಖನ ಬರೆಯಲು ಮುಖ್ಯ ಕಾರಣವಾದ ಸಂಗತಿಯನ್ನು ಈಗ ಹೇಳಬೇಕು. ನನ್ನ ತರಗತಿಯಲ್ಲಿದ್ದ ಹುಡುಗನೊಬ್ಬ ರಜೆಯಲ್ಲಿ ದುರಸ್ತಿಯಂಗಡಿಯೊಂದಕ್ಕೆ ದುಡಿಯಲು ಹೋಗುತ್ತಿದ್ದ. ಅಲ್ಲಿ ಗಾಡಿಯನ್ನು ನಡುಸ್ಟ್ಯಾಂಡಿಗೆ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ, ತಿರುಗುವ ಗಾಲಿಗೆ ಬಟ್ಟೆ ಹಿಡಿಯುವ ರೂಢಿ. ಕೆಲಸ ಬೇಗ ಆಗುತ್ತದೆಂಬುದು ನಿಜ. ಒಂದು ಸಂಜೆ ಬಟ್ಟೆಯ ಅಂಚು ಸರಪಣಿಗೆ ಸಿಕ್ಕಿತು. ಬಟ್ಟೆಯ ಹಿಂದೆ ಅವನ ಬಲಗೈಯ ತೋರುಬೆರಳೂ ಹಲ್ಲುಚಕ್ರದತ್ತ ಹೋಯಿತು. ಮೊದಲ ಗೆಣ್ಣಿನವರೆಗೆ ಉಳಿಯಲಿಲ್ಲ. ಜೂನಿನಲ್ಲಿ ಅವನು ಮಧ್ಯದ ಬೆರಳಿಗೆ ಹೆಬ್ಬೆರಳು ಸೇರಿಸಿ ಲೇಖನಿ ಹಿಡಿಯುವುದನ್ನು ಅಭ್ಯಾಸ ಮಾಡುತ್ತಿದ್ದುದನ್ನು ಕಂಡೆ. ಕೆಲವು ಸಹಪಾಠಿಗಳು ನಗುತ್ತಿದ್ದುದು ಅವನ ಬೆರಳಿಗಲ್ಲ, ಉಗುರಿನ ಸಂದಿನಲ್ಲಿ ಉಳಿದ ಮಸಿಗೆ. ಆ ನಗೆ ನನಗೆ ಗಾಯಕ್ಕಿಂತ ಹೆಚ್ಚು ನೋವುಂಟುಮಾಡಿತು.

ಅವನು ಈಗ ಸ್ವಂತ ಅಂಗಡಿಯ ಒಡೆಯ. ಅಲ್ಲಿ ಕೆಲಸ ಕಲಿಯಲು ಬರುವವರಿಗೆಲ್ಲ ಮೊದಲ ಪಾಠ ಒಂದೇ: ಎಂಜಿನ್ ನಿಲ್ಲಿಸಿ ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳುವುದು, ಗೇರನ್ನು ತಟಸ್ಥಕ್ಕೆ ತರುವುದು, ಒಂದು ಕೈಯಿಂದ ಗಾಲಿಯನ್ನು ಸಾವಕಾಶವಾಗಿ ತಿರುಗಿಸುತ್ತ ಇನ್ನೊಂದರಿಂದ ಒರೆಸುವುದು. ರಭಸದ ನೀರಿನ ಕೊಳವೆಯನ್ನು ಹಬ್ಬಿನ ಹತ್ತಿರಕ್ಕೆ ಅವನು ತರಗೊಡುವುದಿಲ್ಲ. ಬೇರಿಂಗಿನೊಳಕ್ಕೆ ನೀರು ನುಗ್ಗೀತೆಂದು. ಕಳೆದ ಬಾರಿ ನಾನು ಹೋದಾಗ ನನ್ನ ಗಾಡಿಯ ಹಿಂದಿನ ಗಾಲಿಯನ್ನು ತಟ್ಟಿ ನೋಡಿ, ಮೂರು ಕಡ್ಡಿ ಬಿಗಿ ಮಾಡಿ, ಹಣ ಬೇಡವೆಂದ. ನಾನು ಒತ್ತಾಯಿಸಿದೆ. ಕೊನೆಗೆ ತೆಗೆದುಕೊಂಡ.